ಉಪ್ಪು ತಿನ್ನದ ಗೋಡೆ

"ಆ ಗೋಡೆ ಒಂದನ್ನ ಬಿಟ್ಟುಬಿಡಿ ಸಾಹೇಬ್ರೇ. ಅದನ್ನ ಮುಟ್ಟಿದ್ರೆ ಸೂರೇ ಇಳಿದು ಬರತ್ತೆ."

ಬಾಟಲಿ ಮೇಸ್ತ್ರಿ ಇದನ್ನು ಹೇಳಿದ್ದು ಮೆಲ್ಲಗೇ. ಆದರೆ ಅವರ ಕೈಯಲ್ಲಿದ್ದ ಕರಣೆ ನನಗೂ ಗೋಡೆಗೂ ನಡುವೆ ಅಡ್ಡ ಬಂದು ನಿಂತಿತ್ತು. ಅದು ಅವರ ಗಮನಕ್ಕೆ ಬಂದದ್ದು ಆಮೇಲೆ. ಕೈ ಇಳಿಸಿದರು.

ನಾನು ತಲೆಯೆತ್ತಿ ನೋಡಿದೆ. ಸೂರಿನ ಕಬ್ಬಿಣದ ತೊಲೆಗಳು ಆ ಗೋಡೆಯ ಉದ್ದಕ್ಕೇ ಹೋಗಿದ್ದವು. ಒಂದರ ತುದಿಯೂ ಅದರ ಮೇಲೆ ಕೂತಿರಲಿಲ್ಲ. ಗೋಡೆ ಹೊತ್ತಿದ್ದು ತನ್ನ ಭಾರವನ್ನು ಮಾತ್ರ. ನಲವತ್ತು ವರ್ಷ ಕರಣೆ ಹಿಡಿದವರಿಗೆ ಇದು ತಿಳಿಯದು ಎಂದರೆ ಅದು ನನ್ನ ಕಿವಿಗೆ ಹೂವಿಡುವ ಮಾತು.

ಮಧ್ಯಾಹ್ನ ಒಂದೂವರೆ. ಕೆಲಸದವರು ಬುತ್ತಿ ಬಿಚ್ಚಲು ಹೊರಗಿನ ಮರದ ನೆರಳಿಗೆ ಹೋಗಿದ್ದರು. ಯಂತ್ರದ ಕೋಣೆಯಲ್ಲಿ ಉಳಿದಿದ್ದವರು ಮೂವರು: ನಾನು, ಮೇಸ್ತ್ರಿ, ಮತ್ತು ಈ ಹಾಳು ಐಸ್ ಕಾರ್ಖಾನೆಯನ್ನು ಕೊಂಡ ನರ್ಸ್, ಎಲ್ಲರೂ ಕರೆಯುವಂತೆ ಸಿಸ್ಟರ್.

ಹತ್ತೊಂಬತ್ತು ವರ್ಷದ ಹಿಂದೆ ಇಲ್ಲಿ ಅಮೋನಿಯಾ ಸೋರಿ ಇಬ್ಬರು ಸತ್ತರು. ಯಂತ್ರ ನೋಡಿಕೊಳ್ಳಬೇಕಿದ್ದ ಆಪರೇಟರ್ ಕೆಲಸದ ಜಾಗದಲ್ಲಿ ಇರಲಿಲ್ಲ ಎಂದು ವರದಿ ಬರೆದ ವಿಮಾ ಸರ್ವೇಯರ್ ನಾನು. ಅವತ್ತಿನಿಂದ ಇವತ್ತಿನವರೆಗೆ ಆ ಆಪರೇಟರ್‌ನನ್ನು ಕಂಡವರಿಲ್ಲ. ಊರು ಅವನಿಗೆ 'ಓಡಿಹೋದವನು' ಎಂದು ಹೆಸರಿಟ್ಟಿತು. ಸಿಸ್ಟರ್ ಅವನ ತಂಗಿ.

ಹೋದ ತಿಂಗಳು ಆಕೆ ನನ್ನ ಮನೆ ಬಾಗಿಲಿಗೆ ಬಂದು ಹೇಳಿದ್ದು ಇಷ್ಟೇ: "ನೀವು ಬರೆದದ್ದನ್ನ ನೀವೇ ಬಂದು ಇನ್ನೊಂದು ಸಲ ನೋಡಿ ಸಾರ್. ನಮ್ಮಣ್ಣ ಓಡಿಹೋಗಿದ್ರೆ ಓಡಿಹೋದ ಅಂತ ಹೇಳಿ. ಸತ್ತಿದ್ರೆ ಸತ್ತ ಅಂತ ಹೇಳಿ. ನಂಗೆ ಎರಡರಲ್ಲಿ ಒಂದು ಬೇಕು."

ನಿವೃತ್ತನಾದವನಿಗೆ ಮಂಡಿನೋವು, ಪೇಪರು, ಮಧ್ಯಾಹ್ನದ ನಿದ್ದೆ ಇಷ್ಟು ಸಾಕಾಗಿತ್ತು. ಆಕೆಯ ಮುಖ ನೋಡಿದ ಮೇಲೆ ಬರುವುದಿಲ್ಲ ಎನ್ನಲಾಗಲಿಲ್ಲ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಹಾಳುಬಿದ್ದ ಐಸ್ ಕಾರ್ಖಾನೆ ಕೊಂಡು ನೋಡು ಎಂದು ಯಾರೂ ಹೇಳಿಲ್ಲ, ಯಾಕೆಂದರೆ ಆ ಹುಚ್ಚಿಗೆ ಯಾರೂ ಹೋಗುವುದಿಲ್ಲ. ಸಿಸ್ಟರ್ ಹೋಗಿದ್ದರು. ಮುಂದಿನ ಹಾಲ್‌ನಲ್ಲಿ, ಐಸಿನ ಡಬ್ಬಗಳನ್ನು ಮುಳುಗಿಸಿಡುತ್ತಿದ್ದ ಉಪ್ಪುನೀರಿನ ತೊಟ್ಟಿಯನ್ನು ಮುಚ್ಚಿಸಿ, ಅದರ ಮೇಲೆ ಸೀಮೆಸುಣ್ಣದಲ್ಲಿ ಹನ್ನೆರಡು ಮಂಚಗಳ ಗೆರೆ ಎಳೆದಿದ್ದರು. ದೊಡ್ಡಾಸ್ಪತ್ರೆಯವರು ಮನೆಗೆ ಹೋಗಿ ಎಂದು ಕಳಿಸಿದ ಮೇಲೂ ಎದ್ದು ನಡೆಯಲಾರದವರು, ನೋಡಿಕೊಳ್ಳುವವರಿಲ್ಲದವರು ಕೆಲವು ವಾರ ಇದ್ದು ಹೋಗಲು ಒಂದು ಜಾಗ. ಈ ಯಂತ್ರದ ಕೋಣೆ ಅವರು ಕೈಕಾಲು ಆಡಿಸುವ ವ್ಯಾಯಾಮದ ಕೋಣೆ ಆಗಬೇಕಿತ್ತು. ಬೆಳಕು ಸಾಲದು, ಹಿಂದಿನ ಗೋಡೆಗೊಂದು ಕಿಟಕಿ ಇಡಿಸೋಣ ಎಂದು ಆಕೆ ಬೆಳಿಗ್ಗೆ ಹೇಳಿದ್ದೇ ತಡ, ಮೇಸ್ತ್ರಿಯ ಮುಖ ಬಾಡಿತ್ತು.

ನಾನು ಆ ಗೋಡೆಯನ್ನು ನೋಡುತ್ತ ನಿಂತೆ.

ಐಸ್ ಕಾರ್ಖಾನೆಯ ಗೋಡೆಗಳನ್ನು ಉಪ್ಪು ತಿನ್ನುತ್ತದೆ. ವರ್ಷಗಟ್ಟಲೆ ಚಿಮ್ಮಿದ ಉಪ್ಪುನೀರು ಇಟ್ಟಿಗೆಯ ಒಳಗೆ ಇಳಿದಿರುತ್ತದೆ; ಕಾರ್ಖಾನೆ ನಿಂತರೂ ಅದು ಹೊರಗೆ ಬರುವುದನ್ನು ನಿಲ್ಲಿಸುವುದಿಲ್ಲ. ಕೋಣೆಯ ಮೂರು ಗೋಡೆಗಳ ಗಿಲಾವು ಎದೆಯ ಎತ್ತರದವರೆಗೆ ಉದುರಿ ಇಟ್ಟಿಗೆಗಳು ಹಲ್ಲು ಕಿರಿದಿದ್ದವು. ಹಿಂದಿನ ಗೋಡೆ ಮಾತ್ರ ಮೇಲಿನಿಂದ ಕೆಳಗಿನವರೆಗೆ ನುಣ್ಣಗಿತ್ತು.

ಅಂದರೆ ಅದು ಉಪ್ಪುನೀರಿನ ಮುಖವನ್ನೇ ಕಂಡಿರಲಿಲ್ಲ. ಕಾರ್ಖಾನೆ ನಿಂತ ಮೇಲೆ ಎದ್ದ ಗೋಡೆ ಅದು.

"ಸಿಸ್ಟರ್, ಕ್ರಯಪತ್ರದ ಜೊತೆ ಕೊಟ್ಟಿದ್ದಾರಲ್ಲ, ಆ ಹಳೇ ನಕ್ಷೆ ತಂದಿದ್ದೀರಾ?"

ಆಕೆ ಚೀಲದಿಂದ ತೆಗೆದುಕೊಟ್ಟರು. ನಾನು ನನ್ನ ಕಡತದಿಂದ ಇನ್ನೊಂದು ಹಾಳೆ ತೆಗೆದೆ. ಹತ್ತೊಂಬತ್ತು ವರ್ಷದ ಹಿಂದೆ ನನ್ನ ಕೈಯಾರೆ ಬರೆದ ನಕ್ಷೆ. ಎರಡನ್ನೂ ತಣ್ಣಗಾದ ಕಂಪ್ರೆಸರ್ ಯಂತ್ರದ ಮೇಲೆ ಪಕ್ಕಪಕ್ಕ ಹಾಸಿದೆ.

ಹಳೆಯ ನಕ್ಷೆಯಲ್ಲಿ ಯಂತ್ರದ ಕೋಣೆಯ ಹಿಂದೆ ಕಿರಿದಾದ ಒಂದು ಸಾಮಾನು ಕೋಣೆ ಇತ್ತು. ನನ್ನ ನಕ್ಷೆಯಲ್ಲಿ ಇರಲಿಲ್ಲ. ನಾನು ಬಂದು ಅಳೆದದ್ದು ಅನಿಲ ಸೋರಿದ ಆರನೆಯ ದಿನ. ಆ ಆರು ದಿನಗಳಲ್ಲಿ ಒಂದು ಕೋಣೆ ಮಾಯವಾಗಿತ್ತು.

ನನಗೆ ಆಗ ನೆನಪಾದದ್ದು ನನ್ನ ಹಳೆಯ ಕೋಟು. ಅವತ್ತು ಈ ಗೋಡೆಗೆ ಒರಗಿಕೊಂಡೇ ಟಿಪ್ಪಣಿ ಬರೆದಿದ್ದೆ. ಎದ್ದಾಗ ತೋಳು ಒದ್ದೆಯಾಗಿ ಬಿಳಿಯಾಗಿತ್ತು. ಪಕ್ಕದಲ್ಲಿದ್ದ ಕಾರ್ಖಾನೆಯ ಮ್ಯಾನೇಜರ್ ಕರ್ಚೀಫು ಕೊಟ್ಟು, "ಇಲ್ಲೆಲ್ಲ ಉಪ್ಪುನೀರೇ ಸಾರ್, ಒರೆಸಿಕೊಳ್ಳಿ" ಎಂದಿದ್ದರು. ನಾನು ಒರೆಸಿಕೊಂಡಿದ್ದೆ. 'ಹಿಂದಿನ ಗೋಡೆ: ಉಪ್ಪುನೀರಿನ ತೇವ' ಎಂದು ಬರೆದೂ ಇದ್ದೆ. ಅದು ಹಸಿ ಗಿಲಾವಿನ ಮೇಲೆ ಬಳಿದ ಹೊಸ ಸುಣ್ಣ. ಬೇರೆ ಯಾವ ಕಟ್ಟಡದಲ್ಲಾದರೂ ಹಸಿ ಗೋಡೆ ಕಂಡಿದ್ದರೆ ನೂರು ಪ್ರಶ್ನೆ ಕೇಳುತ್ತಿದ್ದೆ. ಎಲ್ಲವೂ ಒದ್ದೆಯಾಗಿರುವ ಜಾಗದಲ್ಲಿ ಒದ್ದೆ ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ಕಣ್ಣಿಗಾದರೂ ಬೀಳಬೇಕಿತ್ತು, ಸಂಬಳ ಕೊಟ್ಟಿದ್ದೇ ಅದಕ್ಕೆ.

"ಮೇಸ್ತ್ರೇ, ಈ ಕಾರ್ಖಾನೆಗೆ ನೀವು ಮೊದಲು ಬಂದಿದ್ದು ಯಾವಾಗ?"

"ಈ ತಿಂಗಳು. ಪುಟ್ಟಿ ಕರೆದಾಗ." ಸಿಸ್ಟರ್ ಅವರ ಪಾಲಿಗೆ ಇನ್ನೂ ಪುಟ್ಟಿ. ಅವರ ಮನೆಗಳ ನಡುವೆ ಒಂದೇ ಗೋಡೆ. ಆಕೆ ಅವರನ್ನು ಮಾವ ಎನ್ನುತ್ತಾರೆ.

"ಅದಕ್ಕೂ ಮೊದಲು?"

"ಹೊಸ್ತಿಲೂ ತುಳಿದಿಲ್ಲ."

ಮಂಡಿಗಳು ಬೇಡ ಬೇಡ ಎಂದರೂ ನಾನು ನೆಲಕ್ಕೆ ಕೂತೆ. ಗೋಡೆ ನೆಲಕ್ಕೆ ಕೂಡುವ ಕಡೆ ಹತ್ತೊಂಬತ್ತು ವರ್ಷದ ಧೂಳಿತ್ತು. ಅಂಗೈಯಿಂದ ಸರಿಸಿದೆ.

ಮೂಲೆ ಇರಲಿಲ್ಲ. ಗೋಡೆ ಗುಂಡಗೆ ಬಾಗಿ ನೆಲಕ್ಕೆ ಇಳಿದಿತ್ತು, ತಟ್ಟೆಯ ಅಂಚಿನ ಹಾಗೆ.

ಹೊಸಬರು ಮೇಸ್ತ್ರಿಯ ಹೆಸರು ಕೇಳಿ ಕುಡುಕನೆಂದು ತಿಳಿಯುತ್ತಾರೆ. ಬಾಟಲಿ ಮೇಸ್ತ್ರಿ ಜನ್ಮದಲ್ಲಿ ಒಂದು ತೊಟ್ಟು ಮುಟ್ಟಿದವರಲ್ಲ. ಗಿಲಾವು ಹಸಿಯಿರುವಾಗಲೇ ನೆಲ-ಗೋಡೆ ಕೂಡುವಲ್ಲಿ ಖಾಲಿ ಸೋಡಾ ಬಾಟಲಿ ಎಳೆದು ಮೂಲೆಯನ್ನು ಗುಂಡಗೆ ಮಾಡುವುದು ಅವರ ರೂಢಿ. ಹರೆಯದಲ್ಲಿ ಆಸ್ಪತ್ರೆಯ ವಾರ್ಡು ಕಟ್ಟುವಾಗ ಕಲಿತದ್ದು. ಮೂಲೆ ಚೂಪಾಗಿದ್ದರೆ ಕೊಳೆ ಕೂರುತ್ತದೆ. ಗುಂಡಗಿದ್ದರೆ ಒಂದೇ ಸಲ ಒರೆಸಿದರೆ ಹೋಗುತ್ತದೆ. ಬೇರೆ ಯಾವ ಮೇಸ್ತ್ರಿಯೂ ಈ ಉಸಾಬರಿಗೆ ಹೋಗುವುದಿಲ್ಲ. ಐಸ್ ಕಾರ್ಖಾನೆಯ ಯಂತ್ರದ ಕೋಣೆಗೆ ಯಾರೂ ಇದನ್ನು ಕೇಳುವುದೂ ಇಲ್ಲ. ಇವರ ಹೊಸ ಕೆಲಸವಿನ್ನೂ ಮುಂದಿನ ಹಾಲ್ ದಾಟಿರಲಿಲ್ಲ.

"ಇದು ಯಾರ ಕೈಕೆಲಸ ಮೇಸ್ತ್ರೇ?"

ಅವರು ಬಗ್ಗಿ ನೋಡಲೂ ಇಲ್ಲ. ನೋಡದೆಯೇ ಅವರಿಗೆ ಗೊತ್ತಿತ್ತು.

"ಯಾರಾದ್ರೂ ಮಾಡಿರಬಹುದು."

"ಸಿಸ್ಟರ್ ಮನೆ ಅಡುಗೆಮನೇಲಿ ಇದೇ ಥರ ಇದೆ. ನಿಮ್ಮ ಮನೇಲೂ ಇದೆ. ಇವತ್ತು ಮುಂದಿನ ಹಾಲ್‌ನಲ್ಲಿ ನೀವು ಎಳೀತಾ ಇರೋದೂ ಇದನ್ನೇ."

"ಬಾಟಲಿ ಎಲ್ಲರ ಮನೇಲೂ ಇರತ್ತೆ ಸಾಹೇಬ್ರೇ."

"ಇರತ್ತೆ. ಆದ್ರೆ ಅಡಗಿಸೋಕೆ ಕಟ್ಟಿದ ಗೋಡೆಗೂ ಕೊಳೆ ಕೂರಬಾರದು ಅಂತ ಯೋಚನೆ ಮಾಡೋರು ಒಬ್ಬರೇ."

ಸಿಸ್ಟರ್ ನಾನು ಕೂತಲ್ಲಿಗೆ ಬಂದು, ಪಕ್ಕದಲ್ಲಿ ಕೂತು, ಆ ಗುಂಡು ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. ದಿನಾ ತನ್ನ ಅಡುಗೆಮನೆ ಒರೆಸುವವರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

"ಮಾವ," ಎಂದರು. "ಅಮ್ಮ ಈ ಕಟ್ಟಡ ಬೇಡವೇ ಬೇಡ ಅಂತ ಮೂರು ತಿಂಗಳು ಹಟ ಹಿಡಿದಿದ್ರು. ಆಮೇಲೆ ಒಂದಿನ ತಾವಾಗೇ ಹೇಳಿದ್ರು, ಕೊಂಡ್ಕೋ, ಆದ್ರೆ ಕೆಲಸ ಮೇಸ್ತ್ರಿನೇ ಮಾಡ್ಬೇಕು ಅಂತ. ನಿಮ್ಮ ಮೇಲಿನ ನಂಬಿಕೆ ಅಂದ್ಕೊಂಡಿದ್ದೆ."

"ನಂಬಿಕೇನೇ ಪುಟ್ಟಿ."

"ಯಾವುದರ ನಂಬಿಕೆ?"

ಮೇಸ್ತ್ರಿಯ ಕೈಯಿಂದ ಕರಣೆ ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದವರು ಹಾಗೇ ಕುಕ್ಕರುಗಾಲಲ್ಲಿ ಕೂತುಬಿಟ್ಟರು.

"ನಾನು ಕಟ್ಟಿದ್ದು," ಎಂದರು. "ಗೋಡೆ ನಾನು ಕಟ್ಟಿದ್ದು. ಗಾರೆ ಕಲಸಿ ಕೊಟ್ಟಿದ್ದು ನಿಮ್ಮಮ್ಮ."

ಹೊರಗಿನಿಂದ ಕೆಲಸದವರ ನಗು ಕೇಳಿಸುತ್ತಿತ್ತು. ಯಾರೋ ಯಾರ ಬುತ್ತಿಗೋ ಕೈ ಹಾಕಿದ್ದರೆಂದು ಕಾಣುತ್ತದೆ.

ಸಿಸ್ಟರ್ ಕೂಗಲಿಲ್ಲ, ಅಳಲಿಲ್ಲ. "ಒಳಗೆ ಅಣ್ಣ ಇದ್ದಾನಾ?" ಎಂದು ಕೇಳಿದರು. ವಾರ್ಡಿನಲ್ಲಿ ರೋಗಿಯ ಜ್ವರ ಎಷ್ಟಿದೆ ಎಂದು ಕೇಳುವ ದನಿ ಅದು.

ಮೇಸ್ತ್ರಿ ಹೌದೆಂದು ತಲೆಯಾಡಿಸಿದರು.

ಅವರು ಹೇಳಿದ್ದನ್ನು ಹೇಳಿದ ಕ್ರಮದಲ್ಲೇ ಬರೆಯುತ್ತೇನೆ. ಆಕೆಯ ತಾಯಿ ಆಗ ಈ ಕಾರ್ಖಾನೆಯಲ್ಲಿ ಕಸ ಗುಡಿಸುತ್ತಿದ್ದರು. ಹಿಂದಿನ ಓಣಿಯ ಬಾಗಿಲಿನ ಬೀಗದ ಕೈ ಅವರ ಬಳಿ ಇರುತ್ತಿತ್ತು. ಅನಿಲ ಸೋರಿದ ದಿನ ಅಗ್ನಿಶಾಮಕದವರು ತೊಟ್ಟಿಯ ಬಳಿ ಬಿದ್ದಿದ್ದ ಇಬ್ಬರನ್ನು ಹೊರಗೆಳೆದು, ಇನ್ನು ಉಸಿರಾಡಲಾಗದೆ ಹಿಂದೆ ಸರಿದರು. ಆಪರೇಟರ್ ಓಡಿಹೋದ ಎಂಬ ಸುದ್ದಿ ಅಷ್ಟರಲ್ಲೇ ಗೇಟು ದಾಟಿತ್ತು. ತಾಯಿ ನಂಬಲಿಲ್ಲ. ಎರಡನೆಯ ದಿನ ಒದ್ದೆ ಬಟ್ಟೆ ಮುಖಕ್ಕೆ ಕಟ್ಟಿಕೊಂಡು ಓಣಿಯ ಬಾಗಿಲಿನಿಂದ ಒಳಗೆ ಹೋದರು. ಮಗ ಸಾಮಾನು ಕೋಣೆಯಲ್ಲಿದ್ದ. ಬಾಗಿಲು ಎಳೆದುಕೊಂಡು, ಗೋಡೆಗೆ ಒರಗಿ.

"ಕೈಯಲ್ಲಿ ಆ ದೊಡ್ಡ ಸ್ಪ್ಯಾನರ್ ಇತ್ತು," ಎಂದರು ಮೇಸ್ತ್ರಿ. "ವಾಲ್ವು ತಿರುಗಿಸೋದು. ಬೆರಳು ಬಿಡಿಸೋಕೆ ನೋಡಿದ್ವಿ, ಆಗಲಿಲ್ಲ. ಹಾಗೇ ಬಿಟ್ವಿ."

ವಾಲ್ವ್ ಮುಚ್ಚಲು ಹೋದವನು. ನಾನು ಅವನನ್ನು 'ಕೆಲಸದ ಜಾಗದಲ್ಲಿ ಇರಲಿಲ್ಲ' ಎಂದು ಬರೆದಿದ್ದೆ. ಅಷ್ಟು ಚಿಕ್ಕ ವಾಕ್ಯ ಇಷ್ಟು ವರ್ಷ ಒಬ್ಬನ ಮೇಲೆ ಕೂತಿತ್ತು. ಎದುರಿಗಿದ್ದ ಹೆಣ್ಣುಮಗಳ ಮುಖ ನೋಡಲು ನನಗೆ ನಾಚಿಕೆಯಾಯಿತು.

"ತೆಗೀರಿ ಮಾವ," ಎಂದರು ಸಿಸ್ಟರ್. "ಒಂದು ಇಟ್ಟಿಗೆ ಸಾಕು."

ಪೊಲೀಸರು ಬರುವ ಮೊದಲು ಏನನ್ನೂ ಮುಟ್ಟಬಾರದು ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಹೇಳುವ ಹಕ್ಕನ್ನು ಹತ್ತೊಂಬತ್ತು ವರ್ಷದ ಹಿಂದೆಯೇ ಕಳೆದುಕೊಂಡಿದ್ದೆ.

ಮೇಸ್ತ್ರಿ ಉಳಿ ಹಿಡಿದರು. ತಾನು ಕಟ್ಟಿದ್ದನ್ನು ತಾನೇ ಕೀಳುವಾಗಲೂ ಅವರ ಕೈ ಒರಟಾಗಲಿಲ್ಲ. ಇಟ್ಟಿಗೆಯ ನಾಲ್ಕೂ ಸುತ್ತಿನ ಗಾರೆಯನ್ನು ಬಿಡಿಸಿ, ತೊಟ್ಟಿಲಲ್ಲಿ ಮಲಗಿದ ಮಗುವನ್ನು ಎತ್ತಿಕೊಳ್ಳುವವರಂತೆ ಅದನ್ನು ಹೊರಗೆ ತೆಗೆದರು. ನಾನು ಟಾರ್ಚ್ ಕೊಟ್ಟೆ. ಸಿಸ್ಟರ್ ಕಣ್ಣಿಟ್ಟು ನೋಡಿದರು.

ಬಹಳ ಹೊತ್ತು ನೋಡಿದರು.

"ನೀಲಿ ಚೌಕಳಿ ಹೊದಿಕೆ," ಎಂದರು. "ಆ ವಾರ ನಮ್ಮನೆ ಹೊದಿಕೆ ಕಳೆದುಹೋಗಿತ್ತು. ಒಣ ಹಾಕಿದ್ದನ್ನ ಯಾರೋ ಹೊಡ್ಕೊಂಡು ಹೋದ್ರು ಅಂದಿದ್ರು ಅಮ್ಮ. ಕಳ್ಳನಿಗೆ ನಾನು ಒಂದು ವಾರ ಬೈದಿದ್ದೆ."

ಟಾರ್ಚ್ ಆರಿಸಿ ನನ್ನ ಕೈಗಿಟ್ಟರು. ಆಮೇಲೆ ಗೋಡೆಗೆ ಬೆನ್ನು ಕೊಟ್ಟು, ಅಣ್ಣ ಒಳಗೆ ಕೂತ ಹಾಗೇ ಹೊರಗೆ ಕೂತರು. ಅಳು ಬಂದದ್ದು ಆಗ. ಮೇಸ್ತ್ರಿಯೂ ಅತ್ತರು. ನಾನು ಕಂಪ್ರೆಸರ್ ಯಂತ್ರದ ಕಡೆ ತಿರುಗಿ ಕನ್ನಡಕ ಒರೆಸಿಕೊಂಡೆ.

ಅಳುವಿನ ನಡುವೆಯೇ ಆಕೆ ಕೇಳಿದರು. "ಯಾಕೆ ಮಾವ? ಅವನು ಇಲ್ಲೇ ಸತ್ತಿದ್ದಾನೆ ಅಂತ ಹೇಳಿದ್ರೆ ಊರು ಬಾಯಿ ಮುಚ್ತಿತ್ತು. ಅವನು ಓಡಿಹೋಗಲಿಲ್ಲ ಅಂತ ಎಲ್ಲರಿಗೂ ಗೊತ್ತಾಗ್ತಿತ್ತು. ಅಮ್ಮ ಹೆತ್ತ ಮಗನಿಗೆ ಯಾಕೆ ಹೀಗೆ ಮಾಡಿದ್ರು?"

ಮೇಸ್ತ್ರಿ ನನ್ನ ಕಡೆ ನೋಡಿದರು. ನಾನು ಅವರ ಕಡೆ ನೋಡಿದೆ. ಆ ಒಂದು ನೋಟದಲ್ಲಿ ನನಗೆ ತಿಳಿಯಿತು, ನಾನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಮಾತನ್ನೇ ಇವರೂ ಇಟ್ಟುಕೊಂಡಿದ್ದಾರೆ ಎಂದು.

"ನಿನಗೋಸ್ಕರ," ಎಂದರು ಮೇಸ್ತ್ರಿ.

"ನನಗೋಸ್ಕರ?"

"ಅವತ್ತು ನೀನು ಗೇಟಿಗೆ ಬಂದು ಅಣ್ಣನ್ನ ಕರೆದಿದ್ದೆಯಲ್ಲ ಪುಟ್ಟಿ. ನರ್ಸಿಂಗ್ ಸೇರೋ ಅರ್ಜಿಗೆ ಸಹಿ ಹಾಕಿಸ್ಕೊಳ್ಳೋಕೆ. ಅವನು ಯಂತ್ರ ಬಿಟ್ಟು ಹೊರಗೆ ಬಂದ ಅಂತ ಮ್ಯಾನೇಜರ್ ನಿಮ್ಮಮ್ಮನಿಗೆ ಹೇಳಿದ್ರು. ಆ ಹತ್ತು ನಿಮಿಷದಲ್ಲೇ ಸೋರಿದ್ದು. ವಾಪಸ್ ಓಡಿ ಒಳಗೆ ಹೋಗಿ ಸತ್ತ. ನಿಮ್ಮಮ್ಮ ನನ್ನ ಕೈ ಹಿಡ್ಕೊಂಡು ಹೇಳಿದ್ರು, ಓಡಿಹೋದ ಅಣ್ಣನ್ನ ಬೈಕೊಂಡಾದ್ರೂ ನನ್ನ ಮಗಳು ಬದುಕ್ತಾಳೆ; ತನ್ನಿಂದ ಅಣ್ಣ ಸತ್ತ ಅಂತ ಗೊತ್ತಾದ್ರೆ ಬದುಕಲ್ಲ. ಹೋದವನಂತೂ ಹೋದ, ಇರೋಳನ್ನ ಉಳಿಸ್ಕೊಡಿ ಅಂತ. ಹದಿನೇಳು ವರ್ಷದ ಹುಡುಗಿ ನೀನು. ನಾನು ಇಲ್ಲ ಅನ್ನಲಿಲ್ಲ."

ಸಿಸ್ಟರ್ ನನ್ನ ಕಡೆ ತಿರುಗಿದರು. "ನಿಮಗೂ ಗೊತ್ತಿತ್ತಾ?"

"ನನಗೂ ಮ್ಯಾನೇಜರೇ ಹೇಳಿದ್ದು," ಎಂದೆ. "ತಂಗಿ ಕರೆದಳು, ಗೇಟಿಗೆ ಹೋದ, ಹಾಗೇ ಓಡಿಹೋದ ಅಂತ. ನಿಮ್ಮನ್ನ ಕೇಳಬೇಕು ಅಂತ ನಿಮ್ಮ ಮನೆಗೆ ಬಂದಿದ್ದೆ. ನೀವು ಬಾಗಿಲ ಹಿಂದೆ ಅಳ್ತಾ ನಿಂತಿದ್ರಿ. ಅಳ್ತಿರೋ ಹುಡುಗಿನ ಏನು ಕೇಳೋದು ಅಂತ ವಾಪಸ್ ಹೋದೆ. ವರದೀಲೂ ನಿಮ್ಮ ಮಾತು ತರಲಿಲ್ಲ. ಒಳ್ಳೇದು ಮಾಡ್ತಿದ್ದೀನಿ ಅಂದ್ಕೊಂಡೆ."

ಆಕೆಯ ಕಣ್ಣೀರು ನಿಂತಿತ್ತು. ಮುಖದಲ್ಲಿ ಇದ್ದದ್ದು ದುಃಖವಲ್ಲ, ಗೊಂದಲ. ಒಮ್ಮೆ ಮೇಸ್ತ್ರಿಯನ್ನು, ಒಮ್ಮೆ ನನ್ನನ್ನು ನೋಡಿದರು.

"ನಾನು ಗೇಟಿಗೆ ಬಂದೇ ಇರಲಿಲ್ಲ," ಎಂದರು.

ಮೇಸ್ತ್ರಿ ಕೈಯಲ್ಲಿದ್ದ ಉಳಿಯನ್ನು ನೆಲಕ್ಕಿಟ್ಟರು.

"ಅರ್ಜಿಗೆ ಅಣ್ಣ ಹಿಂದಿನ ದಿನವೇ ಮನೇಲಿ ಸಹಿ ಹಾಕಿದ್ದ. ಅವತ್ತು ಬೆಳಿಗ್ಗೆ ಮೊದಲನೇ ಬಸ್ಸಿಗೆ ಹತ್ತಿಸಿದ್ದೂ ಅವನೇ. ನಾನು ಇಡೀ ದಿನ ನರ್ಸಿಂಗ್ ಶಾಲೆ ಸಾಲಿನಲ್ಲಿ ನಿಂತಿದ್ದೆ. ಅರ್ಜಿ ಮೇಲೆ ಅವತ್ತಿನ ಮೊಹರಿದೆ, ಪ್ರತಿ ಈಗಲೂ ನನ್ನ ಟ್ರಂಕಿನಲ್ಲಿದೆ. ಸಂಜೆ ವಾಪಸ್ ಬಂದಾಗ ಬೀದಿ ತುಂಬ ಜನ." ಆಕೆ ಉಸಿರು ತೆಗೆದುಕೊಂಡರು. "ಅಮ್ಮನೂ ಬೆಳಕು ಹರಿಯೋ ಮೊದಲೇ ಕೆಲಸಕ್ಕೆ ಹೋಗ್ತಿದ್ರು. ನಾನು ಯಾವ ಬಸ್ಸಿಗೆ ಹೋದೆ ಅಂತ ಅವರಿಗೆ ಗೊತ್ತಿರಲಿಲ್ಲ. ಆಮೇಲೆ ಕೇಳಲೂ ಇಲ್ಲ."

ಕೇಳಲೂ ಇಲ್ಲ. ತಾಯಿ ಕೇಳಲಿಲ್ಲ, ಮೇಸ್ತ್ರಿ ಕೇಳಲಿಲ್ಲ, ಕೇಳುವುದೇ ಉದ್ಯೋಗವಾಗಿದ್ದ ನಾನೂ ಕೇಳಲಿಲ್ಲ. ಮೂವರೂ ಒಬ್ಬ ಹುಡುಗಿಯ ಮೇಲಿನ ಕರುಣೆಯಿಂದ ಸುಮ್ಮನಿದ್ದೆವು. ಆ ಕರುಣೆಯ ಮೇಲೆ ಒಬ್ಬ ತಾಯಿ ಮಗನಿಗೆ ಗೋಡೆ ಕಟ್ಟಿಸಿದರು.

ಹಾಗಾದರೆ ಅವನು ಯಂತ್ರ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಸುಳ್ಳು ಹುಟ್ಟಿದ್ದು ಒಂದೇ ಬಾಯಲ್ಲಿ.

ಅದೇ ಬಾಯಿ ನನ್ನ ಕೋಟಿನ ತೋಳು ನೋಡಿ ಉಪ್ಪುನೀರು ಎಂದಿತ್ತು. ಕಾರ್ಖಾನೆಯ ಮೂಲೆಮೂಲೆ ಬಲ್ಲ ಮ್ಯಾನೇಜರ್‌ಗೆ ಆರೇ ದಿನದಲ್ಲಿ ಒಂದು ಕೋಣೆ ಕಾಣೆಯಾದದ್ದು ಕಾಣಲಿಲ್ಲವೇ? ಕಾರ್ಖಾನೆಯ ಯಜಮಾನರು ತೀರಿಕೊಂಡ ಮೇಲೆ ಅವರ ಮನೆಯವರ ಪರವಾಗಿ ಈ ಕಟ್ಟಡವನ್ನು ಸಿಸ್ಟರ್‌ಗೆ ಮಾರಿಕೊಟ್ಟವರೂ ಈ ಮ್ಯಾನೇಜರೇ. ಒಂದೇ ಒಂದು ಷರತ್ತನ್ನು ಕ್ರಯಪತ್ರದಲ್ಲಿ ಬರೆಸಿಕೊಂಡಿದ್ದರು: ಹಳೆಯ ಕಂಪ್ರೆಸರ್ ಯಂತ್ರ, ಅದರ ಕೊಳವೆ, ವಾಲ್ವುಗಳ ಸಮೇತ, ತನಗೆ ಸೇರಬೇಕು. ಗುಜರಿಗೆ ಹಾಕುತ್ತೇನೆ ಎಂದಿದ್ದರು. ತುಕ್ಕು ಹಿಡಿದ ಕಬ್ಬಿಣಕ್ಕೆ ಇಷ್ಟು ಆಸೆಯೇ ಎಂದು ನಾವು ನಕ್ಕಿದ್ದೆವು.

ನಾನು ಆ ಯಂತ್ರದ ಮೇಲಿದ್ದ ಎರಡೂ ನಕ್ಷೆಗಳನ್ನು ಮಡಚಿ ಜೇಬಿಗಿಟ್ಟೆ. ಅವುಗಳ ಅಡಿಯಲ್ಲಿ ವಾಲ್ವಿನ ಕಬ್ಬಿಣದ ತಲೆ ಇತ್ತು. ಟಾರ್ಚ್ ಹಿಡಿದೆ. ಅದು ಕೊನೆಯ ಸುತ್ತಿನವರೆಗೆ ಬಿಗಿಯಾಗಿ ಮುಚ್ಚಿತ್ತು. ಅವನು ಮುಚ್ಚಿಯೇ ಸತ್ತಿದ್ದ. ಅದರಿಂದ ಒಂದು ಮೊಳ ಕೆಳಗೆ, ಕೊಳವೆಯ ಬೆಸುಗೆಯ ಮೇಲೆ ಯಾರೋ ದಪ್ಪಗೆ ಬಣ್ಣ ಬಳಿದಿದ್ದರು. ಆ ಕೊಳವೆಯಲ್ಲಿ ಬೇರೆಲ್ಲಿಯೂ ಬಣ್ಣದ ಗುರುತೇ ಇರಲಿಲ್ಲ. ಬಿಟ್ಟ ಬೆಸುಗೆಯನ್ನು, ಅನಿಲ ಸೋರಿದ ಜಾಗವನ್ನು ಮರೆಮಾಡಲು ಬಳಿದ ಬಣ್ಣ ಅದು.

ಹೊರಗೆ ಲಾರಿಯ ಹಾರ್ನ್ ಕೇಳಿಸಿತು. ಯಂತ್ರ ಒಯ್ಯಲು ಮೂರು ಗಂಟೆಗೆ ಬರುತ್ತೇನೆ ಎಂದಿದ್ದ ಮ್ಯಾನೇಜರ್ ಎರಡಕ್ಕೇ ಬಂದಿದ್ದರು. ಕೆಲಸದವರಲ್ಲಿ ಯಾರೋ ಗೇಟು ತೆಗೆಯಲು ಎದ್ದ ಸದ್ದು, ಆಮೇಲೆ ಪರಿಚಯದ ದನಿ, ನಯವಾಗಿ: "ಸಿಸ್ಟರ್ ಒಳಗಿದ್ದಾರಾ?"

ಮೇಸ್ತ್ರಿ ಇಟ್ಟಿಗೆಯನ್ನು ತೂತಿಗೆ ಮತ್ತೆ ಇಡಲು ಹೋದರು. ಸಿಸ್ಟರ್ ಅದನ್ನು ಅವರ ಕೈಯಿಂದ ತೆಗೆದುಕೊಂಡು ಕಂಪ್ರೆಸರ್ ಯಂತ್ರದ ಮೇಲೆ, ಬಂದವರ ಕಣ್ಣಿಗೆ ಮೊದಲು ಬೀಳುವಂತೆ ಇಟ್ಟರು. ಸೆರಗಿನಿಂದ ಮುಖ ಒರೆಸಿಕೊಂಡರು.

"ಬಾಗಿಲಿಗೆ ಅಡ್ಡ ನಿಂತ್ಕೊಳ್ಳಿ ಸಾರ್," ಎಂದರು. "ಹತ್ತೊಂಬತ್ತು ವರ್ಷ ನನ್ನ ಯಾರೂ ಏನೂ ಕೇಳಲಿಲ್ಲ. ಈಗ ನಾನು ಕೇಳ್ತೀನಿ."

ಹೆಜ್ಜೆ ಸಪ್ಪಳ ಹಾಲ್ ದಾಟಿ, ಸೀಮೆಸುಣ್ಣದ ಮಂಚಗಳನ್ನು ತುಳಿದುಕೊಂಡು, ಯಂತ್ರದ ಕೋಣೆಯ ಹೊಸ್ತಿಲಿಗೆ ಬಂದು ನಿಂತಿತು. ಮ್ಯಾನೇಜರ್ ಯಂತ್ರವನ್ನು ನೋಡಲಿಲ್ಲ, ಅದರ ಮೇಲಿದ್ದ ಇಟ್ಟಿಗೆಯನ್ನೂ ನೋಡಲಿಲ್ಲ. ನೇರವಾಗಿ ಗೋಡೆಯ ತೂತನ್ನು ನೋಡಿ, ಮೇಸ್ತ್ರಿಯ ಕಡೆ ತಿರುಗಿ, ಬಹಳ ಬೇಸರದಿಂದ ಹೇಳಿದರು:

"ಈ ಗೋಡೆನ ಯಾವತ್ತೂ ತೆಗೆಯಲ್ಲ ಅಂತ ಅವತ್ತೇ ನೀವು ನಂಗೆ ಮಾತು ಕೊಟ್ಟಿದ್ರಿ ಮೇಸ್ತ್ರೇ."